ಯಂತ್ರ ‘ಸರಿ’ ಎಂದರೂ ಪೈಪು ಕಳಚಿ ಬಂದದ್ದೇಕೆ?

ಪ್ರಶ್ನೆ: ನಮಸ್ಕಾರ ಸರ್. 110 ಮಿಲಿಮೀಟರ್ ಎಚ್‌ಡಿಪಿಇ (ಗಟ್ಟಿ ಪಾಲಿಎಥಿಲೀನ್) ನೀರಿನ ಪೈಪಿಗೆ ಎಲೆಕ್ಟ್ರೋಫ್ಯೂಷನ್ ಕಪ್ಲರ್, ಅಂದರೆ ಒಳಗಿನ ತಂತಿಗೆ ಕರೆಂಟ್ ಹರಿಸಿ ಪೈಪಿಗೆ ಬೆಸೆಯುವ ಜೋಡಣೆ ತುಂಡು, ಹಾಕಿದ್ದೆವು. ಕಪ್ಲರಿನ ಬಾರ್‌ಕೋಡನ್ನು ಬೆಸುಗೆ ಯಂತ್ರಕ್ಕೆ ಓದಿಸಿದೆವು. ಯಂತ್ರ ಪೂರ್ತಿ ಸಮಯ ಓಡಿ, ಕೆಲಸ ಸರಿಯಾಗಿ ಮುಗಿಯಿತೆಂದು ತೋರಿಸಿತು. ಕಪ್ಲರಿನ ಮೇಲಿನ ಎರಡು ಸೂಚಕ ಗುಂಡಿಗಳೂ ಎದ್ದು ನಿಂತವು. ಆದರೂ ಒತ್ತಡ ಪರೀಕ್ಷೆಯಲ್ಲಿ ಪೈಪು ಕಳಚಿ ಹೊರಬಂತು. ಹಾಕುವ ಮೊದಲು ಎಮರಿ ಪೇಪರಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿದ್ದೆವು. ದೋಷ ಯಂತ್ರದ್ದೇ, ಕಪ್ಲರಿನದೇ?

ಉತ್ತರ: ಯಾರ ಮೇಲೂ ಈಗಲೇ ತಪ್ಪು ಹೊರಿಸಬೇಡಿ. ಕಳಚಿದ ತುದಿಯನ್ನು ಬೆಳಕಿಗೆ ಹಿಡಿದು, ಏನು ಕಾಣುತ್ತದೆಂದು ಬರೆಯಿರಿ.

ಪ್ರಶ್ನೆ: ನುಣುಪಾಗಿದೆ, ಹೊಳೆಯುತ್ತಿದೆ. ಕಪ್ಲರಿನೊಳಗಿನ ತಂತಿ ಸುರುಳಿಯ ಗೆರೆಗಳು ಅಚ್ಚೊತ್ತಿದಂತೆ ಮೂಡಿವೆ. ಪೈಪಿನ ಮೇಲೆ ಕಾರ್ಖಾನೆಯಲ್ಲಿ ಮುದ್ರಿಸಿದ ಅಕ್ಷರಗಳನ್ನು ಈಗಲೂ ಓದಬಹುದು.

ಉತ್ತರ: ಆ ಅಕ್ಷರಗಳು ಉಳಿದಿವೆ ಎಂದರೆ ಪೈಪಿನ ಹಳೆಯ ಚರ್ಮವೂ ಉಳಿದಿದೆ ಎಂದರ್ಥ. ಗಾಳಿ, ಬಿಸಿಲುಗಳಿಗೆ ಒಡ್ಡಿಕೊಂಡ ಪಾಲಿಎಥಿಲೀನ್‌ನ ಮೇಲ್ಮೈ ಆಕ್ಸಿಡೀಕರಣಗೊಂಡಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಎರಡು ಕಡೆಯ ಕರಗಿದ ಪ್ಲಾಸ್ಟಿಕ್ ಒಂದಾಗದಂತೆ ಆ ಪದರ ನಡುವೆ ಅಡ್ಡ ನಿಲ್ಲುತ್ತದೆ. ಕಪ್ಲರ್ ಕರಗಿತು, ಪೈಪೂ ಕರಗಿತು, ಪರಸ್ಪರ ಬೆರೆಯಲಿಲ್ಲ. ನೀವು ನೋಡುತ್ತಿರುವುದು ಬರಿಯ ಅಚ್ಚು.

ಎಮರಿ ಪೇಪರ್ ಈ ಪದರವನ್ನು ತೆಗೆಯುವುದಿಲ್ಲ. ಗೀರುತ್ತದೆ, ಪುಡಿಯನ್ನು ಅಲ್ಲೇ ಒತ್ತಿಬಿಡುತ್ತದೆ. ಬೇಕಾದದ್ದು ಸ್ಕ್ರೇಪರ್ (ಹೆರೆಯುವ ಉಪಕರಣ), ಅದರಲ್ಲೂ ಪೈಪಿನ ಸುತ್ತ ತಿರುಗುವಂಥದ್ದು. ಕನಿಷ್ಠ 0.2 ಮಿಲಿಮೀಟರ್ ದಪ್ಪದ ಪದರ ಉದ್ದನೆಯ ರಿಬ್ಬನ್ನಿನಂತೆ ಸುರುಳಿ ಸುರುಳಿಯಾಗಿ ಎದ್ದು ಬರಬೇಕು. ಅದಕ್ಕೂ ಮೊದಲು ಕಪ್ಲರಿನೊಳಗೆ ಹೋಗುವ ಆಳವನ್ನು ಗುರುತು ಮಾಡಿ, ಅಷ್ಟೂ ಜಾಗಕ್ಕೆ ಮಾರ್ಕರಿನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಹೆರೆದಾದ ಮೇಲೆ ಒಂದು ಗೆರೆ ಉಳಿದಿದ್ದರೂ ಅಲ್ಲಿ ಬ್ಲೇಡ್ ತಾಗಿಲ್ಲ. ಪೈಪಿನ ತಳಭಾಗ ತಪ್ಪಿಹೋಗುವುದೇ ಹೆಚ್ಚು. ಕಾಲುವೆಯಲ್ಲಿ ಬಗ್ಗಿ ಕುಳಿತಾಗ ಅದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕೆಳಗೆ ಚಿಕ್ಕ ಕನ್ನಡಿ ಹಿಡಿದು ನೋಡಿ.

ಹೆರೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ, ನೂಲು ಬಿಡದ ಒರೆಸುಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಬೇಡವೇ ಬೇಡ. ಒರೆಸುವಾಗ ಆಳದ ಗುರುತಿನ ಶಾಯಿ ಹೆರೆದ ಭಾಗಕ್ಕೆ ಹರಡದಂತೆ ನೋಡಿಕೊಳ್ಳಿ. ಆಮೇಲೆ ಅಲ್ಲಿ ಬೆರಳು ತಾಗಿದರೆ ಮತ್ತೆ ಒರೆಸಬೇಕು. ಬೆವರಿನ ಜಿಡ್ಡೂ ಬೆಸುಗೆಯನ್ನು ಕೆಡಿಸುತ್ತದೆ.

ಪ್ರಶ್ನೆ: ಹಾಗಾದರೆ ಗುಂಡಿ ಎದ್ದದ್ದು ಏಕೆ ಸರ್?

ಉತ್ತರ: ಒಳಗೆ ಪ್ಲಾಸ್ಟಿಕ್ ಕರಗಿ, ಹಿಗ್ಗಿ, ಒತ್ತಡ ಹುಟ್ಟಿತು ಎಂಬುದಷ್ಟನ್ನೇ ಗುಂಡಿ ಹೇಳುತ್ತದೆ. ಯಂತ್ರ ನೋಡುವುದು ವೋಲ್ಟೇಜ್, ತಂತಿಯ ರೋಧ ಮತ್ತು ಸಮಯವನ್ನು. ಪೈಪನ್ನು ಹೆರೆದಿದ್ದೀರೋ ಇಲ್ಲವೋ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಪ್ರಶ್ನೆ: ಒಂದು ಜೋಡಣೆಯಲ್ಲಿ ಮಧ್ಯೆ ಕರೆಂಟ್ ಹೋಯಿತು. ಮತ್ತೆ ಯಂತ್ರದ ಗುಂಡಿ ಒತ್ತಿ ಮುಗಿಸಿದೆವು.

ಉತ್ತರ: ಅದನ್ನು ಕತ್ತರಿಸಿ ತೆಗೆಯಿರಿ. ಪೂರ್ತಿ ತಣಿದ ಮೇಲೆ ಒಮ್ಮೆ ಮರುಬೆಸುಗೆ ಮಾಡಬಹುದೆಂದು ಕಪ್ಲರ್ ತಯಾರಕರೇ ಬರೆದು ಕೊಟ್ಟಿದ್ದರೆ ಮಾತ್ರ ಆ ದಾರಿ. ಬಿಸಿಯಿರುವಾಗಲೇ ಮತ್ತೆ ಓಡಿಸಿದರೆ ಒಳಗಿನದು ಅತಿಯಾಗಿ ಕಾಯುತ್ತದೆ. ಜನರೇಟರ್ ಬಳಸುವವರು ಶುರು ಮಾಡುವ ಮೊದಲೇ ಇಂಧನ ತುಂಬಿಸಿಕೊಳ್ಳಿ. ತೆಳುವಾದ, ಉದ್ದದ ವಯರಿನಲ್ಲಿ ವೋಲ್ಟೇಜ್ ಇಳಿದುಹೋಗುತ್ತದೆ, ಅದನ್ನೂ ಬಳಸಬೇಡಿ.

ಪೈಪು ಅಲುಗದಂತೆ ಹಿಡಿಯುವ ಕ್ಲ್ಯಾಂಪ್ ಕಟ್ಟಿದ್ದಿರಾ ಎಂದು ನೀವು ಬರೆದಿಲ್ಲ. ಸುರುಳಿಯಿಂದ ಬಿಚ್ಚಿದ ಪೈಪು ಮತ್ತೆ ಬಾಗಲು ಎಳೆಯುತ್ತಲೇ ಇರುತ್ತದೆ. ಒಳಗೆ ಇನ್ನೂ ಮೆತ್ತಗಿರುವಾಗ ಆ ಎಳೆತ ಬಿದ್ದರೆ ಬೆಸುಗೆ ಒಂದು ಕಡೆ ಬಾಯಿ ಬಿಡುತ್ತದೆ. ಕಪ್ಲರಿನ ಮೇಲೆ ಬರೆದಿರುವ ತಣಿಯುವ ಸಮಯ ಮುಗಿಯುವವರೆಗೆ ಕ್ಲ್ಯಾಂಪ್ ಬಿಚ್ಚಬೇಡಿ. ಅವಸರಕ್ಕೆ ನೀರು ಸುರಿಯಬೇಡಿ. ಒತ್ತಡ ಕೊಡಲು ಅದಕ್ಕಿಂತಲೂ ಹೆಚ್ಚು ಹೊತ್ತು ಕಾಯಬೇಕು.

ಮತ್ತೊಬ್ಬರ ಪ್ರಶ್ನೆ: ನಮ್ಮದು ದುರಸ್ತಿ ಕೆಲಸ. ಲೈನಿನ ನಡುವೆ ಪೈಪು ಒಡೆದಿದೆ. ವಾಲ್ವ್ ಮುಚ್ಚಿದರೂ ನೀರು ಜಿನುಗುತ್ತದೆ. ಒಳಗೆ ಬಟ್ಟೆ ತುರುಕಿ ಕಪ್ಲರ್ ಹಾಕಬಹುದೇ?

ಉತ್ತರ: ಬೇಡ. ಬಟ್ಟೆ ನೀರನ್ನು ತಡೆಯುವುದು ಸ್ವಲ್ಪ ಹೊತ್ತು ಮಾತ್ರ. ಬೆಸುಗೆಯ ಜಾಗಕ್ಕೆ ನೀರು ಸೇರಿದರೆ ಆವಿಯಾಗಿ, ಕರಗಿದ ಪ್ಲಾಸ್ಟಿಕ್ಕಿನಲ್ಲಿ ಗುಳ್ಳೆಗಳಾಗುತ್ತವೆ, ಜೊತೆಗೆ ಶಾಖವನ್ನೂ ಕದಿಯುತ್ತದೆ. ಸ್ಕ್ವೀಜ್-ಆಫ್ ಉಪಕರಣದಿಂದ ಪೈಪನ್ನೇ ಹಿಸುಕಿ ನೀರು ನಿಲ್ಲಿಸಬಹುದು. ಅದನ್ನು ಬೆಸುಗೆಗೆ ತೀರ ಹತ್ತಿರ ಹಾಕಬಾರದು, ಕನಿಷ್ಠ ಮೂರು ವ್ಯಾಸದಷ್ಟು ದೂರವಿರಲಿ. ಬಿಟ್ಟ ಮೇಲೆ ಪೈಪನ್ನು ದುಂಡಗೆ ಮಾಡಿ, ಗುರುತು ಹಾಕಿ. ಅದೇ ಜಾಗವನ್ನು ಎರಡನೆಯ ಸಲ ಹಿಸುಕಬಾರದು. ಹೀಗೂ ನೀರು ನಿಲ್ಲದಿದ್ದರೆ ಎಲೆಕ್ಟ್ರೋಫ್ಯೂಷನ್ ಬಿಟ್ಟು ಬೋಲ್ಟ್ ಬಿಗಿಯುವ ಮೆಕ್ಯಾನಿಕಲ್ ಕಪ್ಲಿಂಗ್ ಹಾಕಿ.

ನೀರು ನಿಂತರೆ, ಒಡೆದ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆದು, ಹೊಸ ತುಂಡನ್ನು ಎರಡು ಕಪ್ಲರ್‌ಗಳಿಂದ ಕೂಡಿಸಿ. ಎರಡು ತುದಿಗಳೂ ಮಣ್ಣಿನಲ್ಲಿ ಸಿಕ್ಕಿಕೊಂಡಿರುವುದರಿಂದ ಕಪ್ಲರನ್ನು ಮೊದಲು ಒಂದು ಪೈಪಿನ ಮೇಲೆ ಪೂರ್ತಿ ಜಾರಿಸಿ, ಮತ್ತೆ ಹಿಂದಕ್ಕೆ ಎಳೆಯಬೇಕಾಗುತ್ತದೆ. ಹಾಗಾಗಿ ಪೈಪನ್ನು ಅರ್ಧಕ್ಕೇ ನಿಲ್ಲಿಸುವ ನಡುವಿನ ತಡೆ ಇಲ್ಲದ ಅಥವಾ ತೆಗೆಯಬಹುದಾದ ಕಪ್ಲರ್ ತನ್ನಿ. ಜಾರಿಸುವ ಕಡೆ ಅರ್ಧವಲ್ಲ, ಕಪ್ಲರಿನ ಪೂರ್ತಿ ಉದ್ದದಷ್ಟು ಪೈಪನ್ನು ಹೆರೆಯಿರಿ.

ಮತ್ತೊಬ್ಬರ ಪ್ರಶ್ನೆ: ಇದೇ ಕಪ್ಲರನ್ನು ಪಿವಿಸಿ ಪೈಪಿಗೆ ಹಾಕಬಹುದೇ?

ಉತ್ತರ: ಆಗದು. ಪಿವಿಸಿ ಬೇರೆಯೇ ಪ್ಲಾಸ್ಟಿಕ್, ಅದಕ್ಕೆ ಸಾಲ್ವೆಂಟ್ ಅಂಟು ಇದೆ.

ಮೊದಲು ಕೇಳಿದವರ ಪ್ರಶ್ನೆ: ಸರ್, ಕೊನೆಯದಾಗಿ ಒಂದು. ಅದೇ ದಿನ ಅದೇ ಕೈಯಿಂದ ಮಾಡಿದ ಇನ್ನೂ ಏಳು ಜೋಡಣೆಗಳಿವೆ. ಅವು ಪರೀಕ್ಷೆಯಲ್ಲಿ ಒತ್ತಡ ತಡೆದಿವೆ. ಹಾಗೇ ಬಿಡಬಹುದೇ?

ಉತ್ತರ: ಒಂದನ್ನು ಕತ್ತರಿಸಿ ತಂದು ಉದ್ದಕ್ಕೆ ಸೀಳಿ, ಪೈಪಿಗೂ ಕಪ್ಲರಿಗೂ ನಡುವೆ ಉಳಿಯಿಟ್ಟು ಎಬ್ಬಿಸಿ. ಒಳ್ಳೆಯ ಬೆಸುಗೆಯಾದರೆ ಪ್ಲಾಸ್ಟಿಕ್ ಎಳೆಎಳೆಯಾಗಿ ಹಿಗ್ಗಿ ಹರಿಯುತ್ತದೆ, ಸಲೀಸಾಗಿ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಈಗ ತಾನೇ ಮಾಡಿದೆ ಸರ್. ಡಬ್ಬಿಯ ಮುಚ್ಚಳದಂತೆ ಬಿಟ್ಟುಕೊಂಡಿತು. ಇದರಲ್ಲೂ ಅಕ್ಷರಗಳಿವೆ.

ಉತ್ತರ: ಮಣ್ಣು ಮುಚ್ಚುವ ಮೊದಲು ಉಳಿದ ಆರನ್ನೂ ತೆಗೆಯಿರಿ. ಕಪ್ಲರುಗಳ ಖರ್ಚು ನಿಮಗೆ ನೋವು ಕೊಡುತ್ತದೆಂದು ಬಲ್ಲೆ. ಸ್ಕ್ರೇಪರ್ ಸಿಗುವವರೆಗೆ ಹೊಸದನ್ನು ಚೀಲದಿಂದ ಹೊರಗೆ ತೆಗೆಯಬೇಡಿ.