ನೂರು ವರ್ಷದ ಲೆಕ್ಕ ಯಾವ ದಿನದಿಂದ?

ಪುಟ್ಟಿ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ದೆ ಅಲ್ವಾ, "ಅತ್ತೆ, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ನೂರು ವರ್ಷ ಅಂತಾರಲ್ಲ, ಯಾವ ದಿನದಿಂದ ಲೆಕ್ಕ?" ಅಂತ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳುತ್ತೇನೆ.

ನೀನು ನೋಡಿದ್ದು ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ರೇಡಿಯೋ ಕಾರ್ಯಕ್ರಮದ ನೂರು ವರ್ಷ ಇರಬೇಕು. 1925ರ ನವೆಂಬರ್ 28ರಂದು ನ್ಯಾಶ್‌ವಿಲ್ ರೇಡಿಯೋದಲ್ಲಿ ಜಿಮ್ಮಿ ಥಾಂಪ್ಸನ್ ಅನ್ನುವ 77 ವರ್ಷದ ಅಜ್ಜ ಪಿಟೀಲು ನುಡಿಸಿದ್ದೇ ಅದರ ಶುರು. ಆ ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ.

ಆದರೆ ನನ್ನ ಲೆಕ್ಕ ಶುರುವಾಗುವುದು 1927ರ ಆಗಸ್ಟ್ 1ರಿಂದ. ಊರು ಬ್ರಿಸ್ಟಲ್. ಅಲ್ಲಿನ ದೊಡ್ಡ ಬೀದಿಯ ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. ವಿಕ್ಟರ್ ಅನ್ನುವ ಗ್ರಾಮಫೋನ್ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಒಂದು ಟೋಪಿ ಕಂಪನಿಯ ಕಟ್ಟಡದಲ್ಲಿ ರೆಕಾರ್ಡಿಂಗ್ ಮಷಿನ್ ಇಟ್ಟುಕೊಂಡು ಕೂತಿದ್ದರು. ಜುಲೈ 25ರಿಂದ ಆಗಸ್ಟ್ 5ರ ಒಳಗೆ 19 ತಂಡ, 76 ಹಾಡು. ಸದ್ದು ಗುಂಯ್ ಅನ್ನಬಾರದು ಅಂತ ಗೋಡೆಗೆ ಕಂಬಳಿ ಕಟ್ಟಿದ್ದರಂತೆ.

ಆಗಸ್ಟ್ 1ರಂದು ಅಲ್ಲಿ ಹಾಡಲು ಬೆಟ್ಟದ ಕಡೆಯಿಂದ ಬಂದವರು ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ದಾರಿಯಲ್ಲಿ ಕಾರಿನ ಟೈರ್ ಕೈಕೊಟ್ಟಿತ್ತು. ಸಾರಾಗೆ ಇನ್ನೂ ಹಾಲು ಕುಡಿಯುವ ಮಗು. ಮೇಬೆಲ್‌ಗೆ ಬರೀ 18 ವರ್ಷ, ಏಳು ತುಂಬಿದ ಬಸುರಿ. ಆ ಹೊಟ್ಟೆಯ ಮೇಲೆ ಗಿಟಾರ್ ಇಟ್ಟುಕೊಂಡು ನುಡಿಸಿದಳಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ವಾರಗಿತ್ತಿಯರಿಬ್ಬರೂ ಸೇರಿ ಮನೆ ಜಗಲಿಯ ಹಾಡನ್ನು ಲೋಕಕ್ಕೆ ಕೇಳಿಸಿಬಿಟ್ಟರು.

ನಾನು ಗಿಟಾರ್ ಕಲಿಯುವಾಗ ತಿಂಗಳುಗಟ್ಟಲೆ ಮೇಬೆಲ್ ನುಡಿಸುವ ರೀತಿಯನ್ನೇ ಹಿಡಿದು ಕೂತಿದ್ದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡನ್ನು ನುಡಿಸುತ್ತದೆ. ಅದೇ ಹೊತ್ತಿಗೆ ತೋರುಬೆರಳು ತೆಳು ತಂತಿಗಳನ್ನು ಸವರಿ ತಾಳ ಹಾಕುತ್ತದೆ. ಒಂದೇ ಗಿಟಾರು, ಇಬ್ಬರು ನುಡಿಸಿದ ಹಾಗೆ. ಮುಂದೆ ಎಷ್ಟೋ ಜನ ಗಿಟಾರ್ ಹಿಡಿದದ್ದು ಅದನ್ನು ಕೇಳಿಯೇ.

ಆಗಸ್ಟ್ 4ರಂದು ಅದೇ ಬ್ರಿಸ್ಟಲ್ ಕೋಣೆಯಲ್ಲಿ, ಮುಂದೆ ಕಂಟ್ರಿ ಸಂಗೀತದ ದೊಡ್ಡ ಹೆಸರಾದ ಜಿಮ್ಮಿ ರಾಜರ್ಸ್ ಒಬ್ಬರೇ ಕೂತು ಎರಡು ಹಾಡು ಹಾಡಿದರು. ಜೊತೆಯವರು ಹಿಂದಿನ ರಾತ್ರಿ ಬಿಟ್ಟುಹೋಗಿದ್ದರು. ಕ್ಷಯ ಇತ್ತು ಪಾಪ, 1933ರಲ್ಲಿ 35ಕ್ಕೇ ಹೋಗಿಬಿಟ್ಟರು.

2027ರ ಆಗಸ್ಟ್ 1ಕ್ಕೆ ಕಾರ್ಟರ್ ಮನೆಯವರ ಆ ಬ್ರಿಸ್ಟಲ್ ರೆಕಾರ್ಡಿಂಗಿಗೆ ನೂರು ತುಂಬುತ್ತದೆ. ಅವತ್ತು ಹೆಡ್‌ಫೋನ್ ಹಾಕಿಕೊಂಡು ಮೇಬೆಲ್‌ಳ ಆ ಹೆಬ್ಬೆರಳನ್ನೊಂದೇ ಕೇಳು ಪುಟ್ಟಿ. ಹಾಂ, ಅವಳ ಹೊಟ್ಟೆಯಲ್ಲಿದ್ದ ಮಗು ಹೆಲೆನ್. ಸೆಪ್ಟೆಂಬರಲ್ಲಿ ಹುಟ್ಟಿದಳು. ದೊಡ್ಡವಳಾಗಿ ಅಮ್ಮನ ಜೊತೆಗೇ ಸ್ಟೇಜ್ ಹತ್ತಿದಳು.