ಐಸಿಯುನಲ್ಲಿ ಮಗುವಿನ ರಕ್ತ ಇಷ್ಟು ಸಲ ಯಾಕೆ ತೆಗೆಯುತ್ತಾರೆ? ವ್ಯಾಂಕೊಮೈಸಿನ್ ಲೆವೆಲ್ ಬಗ್ಗೆ

ಡೊಂಬಿವಲಿ ದೊಡ್ಡಪ್ಪ:
ನಮಸ್ಕಾರ. ತಮ್ಮನ ಮಗಳು, ನಾಲ್ಕು ವರ್ಷ, 14 ಕೆಜಿ. ರಕ್ತಕ್ಕೆ ನಂಜೇರಿ ಇಲ್ಲೇ ಮುಂಬೈಯಲ್ಲಿ ಮಕ್ಕಳ ಐಸಿಯುನಲ್ಲಿದ್ದಾಳೆ, ಇವತ್ತಿಗೆ ಆರು ದಿನ. ಆರು ಗಂಟೆಗೊಮ್ಮೆ ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್. ಮೊನ್ನೆ ರಕ್ತದಲ್ಲಿ ಆ ಔಷಧಿಯ ಲೆವೆಲ್ 6 ಬಂತು ಅಂತ ಡೋಸ್ ಏರಿಸಿದರು, ನಿನ್ನೆ ಬೆಳಗ್ಗೆ 31 ಬಂತು ಅಂತ ನಿಲ್ಲಿಸಿದರು, ಈಗ ಮತ್ತೆ ರಕ್ತ ತೆಗೆದಿದ್ದಾರೆ. ತಮ್ಮ ರೇಗಿ ಹೋಗಿದ್ದಾನೆ, ಮಗು ಮೇಲೆ ಪ್ರಯೋಗ ಮಾಡುತ್ತಿದ್ದಾರಾ ಅಂತ. ತೂಕ ನೋಡಿ ಕೊಟ್ಟ ಮೇಲೆ ಮತ್ತೆ ಅಳೆಯುವುದು ಯಾಕೆ? ಡಾಕ್ಟರ್ ಮರಾಠಿಯಲ್ಲಿ ಹೇಳಿದರು. ಅರ್ಧ ಗಾಬರಿಯಲ್ಲೇ ಹೋಯಿತು.

ಪುಣೆ ಸಿಸ್ಟರ್:
ಅಣ್ಣಾ, ನಾನು ಮಕ್ಕಳ ಐಸಿಯು ನರ್ಸ್. ಪ್ರಯೋಗ ಅಲ್ಲ. ತೂಕದ ಲೆಕ್ಕ ಶುರು ಮಾಡುವುದಕ್ಕೆ ಮಾತ್ರ. ಈ ಔಷಧಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ನಂಜೇರಿದಾಗ ಕೆಲವು ಮಕ್ಕಳ ಕಿಡ್ನಿ ಮಾಮೂಲಿಗಿಂತ ಜೋರಾಗಿ ಓಡಿ ಔಷಧಿಯನ್ನು ಬೇಗ ಬೇಗ ಹೊರಗೆ ಹಾಕುತ್ತದೆ, ಆಗ ಸೋಂಕಿಗೆ ಏನೂ ತಾಗುವುದಿಲ್ಲ. ಅದೇ ಮಗುವಿಗೆ ಎರಡು ದಿನ ಬಿಟ್ಟು ಕಿಡ್ನಿ ಸೋತರೆ ಅದೇ ಡೋಸ್ ಒಳಗೇ ಉಳಿದು ಕಿಡ್ನಿಯನ್ನೇ ಇನ್ನಷ್ಟು ಕೆಡಿಸುತ್ತದೆ.

ಆದರೆ 6ರಿಂದ ಒಮ್ಮೆಲೇ 31? ನನಗೆ ಅನುಮಾನ. ರಕ್ತ ಎಷ್ಟು ಗಂಟೆಗೆ ತೆಗೆದರು ಕೇಳಿ. ಮುಂದಿನ ಡೋಸ್‌ಗೆ ಅರ್ಧ ಗಂಟೆ ಮೊದಲು ತೆಗೆಯಬೇಕು. ಔಷಧಿ ಹರಿದ ಲೈನಿನಿಂದಲೇ ಎಳೆದರೂ ಅಂಕಿ ಸುಳ್ಳಾಗುತ್ತದೆ. ನಾನೇ ಒಂದು ರಾತ್ರಿ ಪಾಳಿಯಲ್ಲಿ ಟ್ಯೂಬಿನ ಚೀಟಿ ಮೇಲೆ 5.30 ಅಂತ ಮೊದಲೇ ಬರೆದಿಟ್ಟಿದ್ದೆ. ಪಕ್ಕದ ಬೆಡ್ಡಿನ ಮಗುವಿಗೆ ಸೀರಿಯಸ್ ಆಯಿತು, ಓಡಾಟದಲ್ಲಿ ಆರರ ಡೋಸ್ ಹೋದ ಮೇಲೆ ರಕ್ತ ತೆಗೆದೆ, ಚೀಟಿ ತಿದ್ದಲಿಲ್ಲ. ಲೆವೆಲ್ ಆಕಾಶಕ್ಕೆ ಹೋಗಿತ್ತು! ಮೂತ್ರ ಚೆನ್ನಾಗಿದೆ, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಕಿ) ಏರಿಲ್ಲ, ಇದು ಹೇಗೆ ಅಂತ ಡಾಕ್ಟರ್ ಕೇಳಿದಾಗ ನನಗೆ ಬೆವರು.

ಮಡಗಾಂವ್ ಫಾರ್ಮಸಿಸ್ಟ್:
ಸಿಸ್ಟರ್ ಹೇಳಿದ್ದು ಸರಿ. ಇನ್ನೊಂದು ಮಾತು. 2020ರ ಅಮೆರಿಕದ ಮಾರ್ಗಸೂಚಿ ಬಂದ ಮೇಲೆ ಡೋಸ್‌ಗೆ ಮುಂಚಿನ ಒಂದೇ ಅಂಕಿ ನೋಡುವುದು ಕಡಿಮೆಯಾಗುತ್ತಿದೆ. 24 ಗಂಟೆಯಲ್ಲಿ ಮೈಗೆ ಒಟ್ಟು ಎಷ್ಟು ಸಿಕ್ಕಿತು ಅನ್ನುವ ಎಯುಸಿ ಲೆಕ್ಕ, ಗುರಿ 400ರಿಂದ 600. ಅದಕ್ಕೆ ಒಂದೇ ಡೋಸ್‌ನ ನಂತರ ಎರಡು ಸಲ ರಕ್ತ ತೆಗೆಯುವುದೂ ಉಂಟು, ಹೆದರಬೇಡಿ. ಅಮಿಕಾಸಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಕೊಟ್ಟರೆ ಅದನ್ನೂ ಅಳೆಯುತ್ತಾರೆ, ಅದು ಜಾಸ್ತಿಯಾದರೆ ಕಿವಿಗೂ ಪೆಟ್ಟು.

ಡೊಂಬಿವಲಿ ದೊಡ್ಡಪ್ಪ:
ಸಿಸ್ಟರ್, ಕೇಳಿದೆ. ಜಗಳ ಮಾಡದೆ, ಸುಮ್ನೆ ಟೈಮ್ ಮಾತ್ರ ಕೇಳಿದೆ. ಡೋಸ್ ಶುರುವಾಗಿದ್ದು ಆರಕ್ಕೆ, ರಕ್ತ ತೆಗೆದಿದ್ದು 6.45ಕ್ಕೆ! ಇವತ್ತಿನದು 5 ಬಂದಿದೆ. ನಿನ್ನೆಯದು ಲೆಕ್ಕಕ್ಕಿಲ್ಲ ಅಂತ ಡೋಸ್ ಮತ್ತೆ ಶುರು ಮಾಡಿದರು. ತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಕ್ರಿಯಾಟಿನಿನ್ 0.4 ಅಂದರು, ಸರಿ ತಾನೆ?

ಪುಣೆ ಸಿಸ್ಟರ್:
ಆ ವಯಸ್ಸಿಗೆ ಸರಿ ಅಣ್ಣಾ. ಮೂತ್ರ ಎಷ್ಟು ಹೋಗುತ್ತಿದೆ ಅಂತಲೂ ದಿನಾ ಕೇಳುತ್ತಿರಿ.