ಭರತಪುರಕ್ಕೆ ಸೈಬೀರಿಯನ್ ಸಾರಸಗಳು ಬರುವುದು ನಿಂತದ್ದೇಕೆ?

ಪ್ರಶ್ನೆ: 1964-65ರ ಚಳಿಗಾಲದಲ್ಲಿ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಜೌಗುಪ್ರದೇಶದಲ್ಲಿ ಸುಮಾರು 200 ಸೈಬೀರಿಯನ್ ಸಾರಸಗಳಿದ್ದವೆಂದೂ, 2002ರಲ್ಲಿ ಕಡೆಯ ಜೋಡಿ ಕಂಡ ಮೇಲೆ ಅವು ಅಲ್ಲಿಗೆ ಬಂದೇ ಇಲ್ಲವೆಂದೂ ಓದಿದೆ. ರಾಷ್ಟ್ರೀಯ ಉದ್ಯಾನದ ರಕ್ಷಣೆಯಿದ್ದೂ ಹೀಗಾದದ್ದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ರಕ್ಷಣೆ ಇದ್ದದ್ದು ಪಯಣದ ಕೊನೆಯ ತಾಣಕ್ಕೆ ಮಾತ್ರ, ಸರ್. ಪಶ್ಚಿಮ ಸೈಬೀರಿಯಾದಿಂದ ಹೊರಟು ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಬರುವ ಈ ಹಕ್ಕಿಗಳು ದಾರಿಯುದ್ದಕ್ಕೂ ಬೇಟೆಗೆ ಬಲಿಯಾಗುತ್ತಿದ್ದವು. ಎರಡು ಮೊಟ್ಟೆಯಿಟ್ಟರೂ ಸಾಮಾನ್ಯವಾಗಿ ಒಂದೇ ಮರಿಯನ್ನು ಬೆಳೆಸುವ ಹಕ್ಕಿಗೆ, ವರ್ಷವರ್ಷವೂ ಸಾಯುವ ಪ್ರೌಢ ಹಕ್ಕಿಗಳ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಉತ್ತರ 2: ಮೇಲಿನವರ ಮಾತನ್ನು ಒಪ್ಪುತ್ತೇನೆ; ಆದರೆ ಉದ್ಯಾನದೊಳಗಿನ ಬದಲಾವಣೆಯನ್ನೂ ಗಮನಿಸಬೇಕು. 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದ ಮೇಲೆ (ಅದನ್ನು ವಿರೋಧಿಸಿ ನಡೆದ ಗಲಭೆಯಲ್ಲಿ ಗ್ರಾಮಸ್ಥರ ಪ್ರಾಣಗಳೂ ಹೋದವು) ನೀರಿನ ಹುಲ್ಲು ದಟ್ಟವಾಗಿ ಹಬ್ಬಿ, ಕೆಸರಿನಲ್ಲಿ ಕೊಕ್ಕಿಳಿಸಿ ಜೇಕಿನ ಗಡ್ಡೆ ಕೀಳುವ ಸಾರಸಗಳಿಗೆ ಆಹಾರ ದೊರಕುವುದು ಕಷ್ಟವಾಯಿತು. ಆದರೂ ಇದನ್ನು ಪೂರಕ ಕಾರಣವೆಂದಷ್ಟೇ ನಾನು ಭಾವಿಸುತ್ತೇನೆ, ಏಕೆಂದರೆ ನಿಷೇಧಕ್ಕೆ ಬಹಳ ಮೊದಲೇ ಸಂಖ್ಯೆ ಕುಸಿಯತೊಡಗಿತ್ತು.

ಉತ್ತರ 3: ಚೀನಾದ ಪೋಯಾಂಗ್ ಸರೋವರದಲ್ಲಿ ಇದೇ ಪ್ರಭೇದದ ಸಾವಿರಾರು ಹಕ್ಕಿಗಳು ಇಂದಿಗೂ ಚಳಿಗಾಲ ಕಳೆಯುತ್ತವೆ. ಆದರೆ ಅವುಗಳ ವಲಸೆದಾರಿಯೇ ಬೇರೆ. ಭರತಪುರದ ದಾರಿಯನ್ನು ಮರಿಗಳಿಗೆ ತೋರಿಸಬಲ್ಲ ಹಿರಿಯ ಹಕ್ಕಿಗಳು ಅಲ್ಲಿಲ್ಲ.